ಅಪ್ಪನ ಬೋಣಿಗೆ ನಮ್ಮ ಸರದಿ

ಜುಲೈ ಹನ್ನೊಂದು, ಮಂಗಳವಾರ, ಬೆಳಗ್ಗೆ ಆರೂಕಾಲು. ಅಪ್ಪನ ಕಾಯಿಲೆ ಶುರುವಾದ ಹೊತ್ತು ಎಂದು ನನ್ನ ದಿನಚರಿಯಲ್ಲಿ ಬರೆದುಕೊಂಡಿರುವುದು ಇದನ್ನು. ಅದಕ್ಕೂ ಎಷ್ಟೋ ಮುಂಚೆ ಶುರುವಾಗಿರುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದರು. ಇರಬಹುದು. ನಮಗೆ ಗೊತ್ತಾದದ್ದು ಆ ಹೊತ್ತಿಗೆ, ಚಿಕ್ಕಪ್ಪನ ಫೋನಿನಿಂದ.

"ಅಣ್ಣ ಮನೇಲಿದಾನಾ?"

"ಇಲ್ವಲ್ಲ ಚಿಕ್ಕಪ್ಪ. ನಾಲ್ಕಕ್ಕೇ ಮಾರ್ಕೆಟ್ಟಿಗೆ ಹೋದ್ರು."

"ಮಾಲು ಬಂದಿದೆ ಕಣಮ್ಮ. ಎರಡು ಆಟೋ ಬಂದಿದೆ. ಎರಡರಲ್ಲೂ ಬರೀ ಬದನೆಕಾಯಿ. ಅಣ್ಣ ಮಾತ್ರ ಬಂದಿಲ್ಲ."

ನಮ್ಮ ಮನೆ ಚಾಮರಾಜಪೇಟೆಯಲ್ಲಿ. ಅಪ್ಪನ ತರಕಾರಿ ಅಂಗಡಿ ಗಾಂಧಿಬಜಾರಿನ ಒಂದು ಅಡ್ಡರಸ್ತೆಯಲ್ಲಿ. ತಾತ ಗೋಣಿಚೀಲ ಹಾಸಿ ಸೊಪ್ಪು ಮಾರುತ್ತಿದ್ದ ಜಾಗದಲ್ಲೇ ಅಪ್ಪ ಅಂಗಡಿ ಮಾಡಿದರು, ಚಿಕ್ಕಪ್ಪ ಹುಡುಗನಾಗಿದ್ದಾಗಿನಿಂದ ಅವರ ಜೊತೆಗಿದ್ದರು. ಆ ದಿನ ಅಪ್ಪ ಸಿಕ್ಕಿದ್ದು ಒಂಬತ್ತು ಗಂಟೆಗೆ, ಕಲಾಸಿಪಾಳ್ಯದ ಮಾರುಕಟ್ಟೆಯ ಹಿಂದುಗಡೆ. ಕಟ್ಟೆಯ ಮೇಲೆ ಕೂತಿದ್ದರು. ಮೂವತ್ತೈದು ವರ್ಷ ನಡೆದಾಡಿದ ಮಾರುಕಟ್ಟೆ. "ಈ ಗೇಟು ಯಾವಾಗ ಇಟ್ರು?" ಎಂದು ಚಿಕ್ಕಪ್ಪನನ್ನು ಕೇಳಿದರಂತೆ. ಆ ವಾರ ನಮ್ಮ ಮನೆಯಲ್ಲೂ ಅಕ್ಕಪಕ್ಕದವರ ಮನೆಯಲ್ಲೂ ಬದನೆಕಾಯಿಯದೇ ಅಡುಗೆ. ಅಪ್ಪನೂ ನಕ್ಕು ತಿಂದರು. ನಾವೂ ನಕ್ಕೆವು.

ನಾನು ಶೇಷಾದ್ರಿಪುರದ ಒಂದು ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ತಾರೀಖು ಹಾಕುವುದು, ಎಣಿಸಿ ಇಡುವುದು ನನಗೆ ಕೆಲಸವೂ ಹೌದು, ಚಾಳಿಯೂ ಹೌದು. ಹಾಗಾಗಿ ಮುಂದಿನ ಎಂಟು ತಿಂಗಳಲ್ಲಿ ನಾವು ನಾಲ್ಕು ಡಾಕ್ಟರನ್ನು ನೋಡಿದೆವು, ಅದಕ್ಕಾಗಿ ಹನ್ನೊಂದು ಸಲ ಕಾದೆವು ಎಂದು ಹೇಳಬಲ್ಲೆ. ಕಾಯುವುದರಲ್ಲಿ ಅಪ್ಪನಿಗೆ ಬೇಸರವಿರಲಿಲ್ಲ. ಅಂಗಡಿಯಲ್ಲಿ ಕೂತು ಅಭ್ಯಾಸ. ಪಕ್ಕದಲ್ಲಿ ಕೂತವರ ಚೀಲಕ್ಕೆ ಇಣುಕಿ, "ಟೊಮೇಟೊ ಎಲ್ಲಿ ತಗೊಂಡ್ರಿ? ಮೋಸ ಹೋಗಿದೀರ," ಎನ್ನುವರು. ಸಂಕಟ ಅಮ್ಮನಿಗೆ. ಪ್ರತಿ ಸಲ ಹೆಸರು ಕೂಗಿದಾಗಲೂ ಅಮ್ಮ ಸೆರಗು ಸರಿಮಾಡಿಕೊಂಡು, ಪರೀಕ್ಷೆ ತನಗೇ ಎನ್ನುವಂತೆ ಎದ್ದು ನಿಲ್ಲುತ್ತಿದ್ದಳು.

ಮೊದಲ ಡಾಕ್ಟರು ಒಂದು ನಿಮಿಷದಲ್ಲಿ ನೆನಪಿಗೆ ಬಂದಷ್ಟು ತರಕಾರಿ ಹೆಸರು ಹೇಳಿ ಅಂದರು. ಅದು ನೆನಪಿನ ಪರೀಕ್ಷೆಯಂತೆ. ಅಪ್ಪ ನೆಟ್ಟಗೆ ಕೂತರು. "ಹೇಗೆ ಹೇಳ್ಲಿ ಸಾರ್, ಗೆಡ್ಡೆ ಮೊದಲಾ, ಬಳ್ಳೀದು ಮೊದಲಾ?" ಎಂದು ಕೇಳಿ ಶುರುಮಾಡಿದರು. ನಿಮಿಷ ಮುಗಿದರೂ ನಿಲ್ಲಿಸಲಿಲ್ಲ. ಡಾಕ್ಟರು ಬರೆದುಕೊಳ್ಳಲಾಗದೆ ಪೆನ್ನು ಕೆಳಗಿಟ್ಟರು. "ವಯಸ್ಸಾಯ್ತಲ್ಲ, ಸ್ವಲ್ಪ ಮರೆವು ಇದ್ದೇ ಇರತ್ತೆ," ಎಂದು ಬಿ ವಿಟಮಿನ್ ಬರೆದುಕೊಟ್ಟರು. ಅಮ್ಮ ದಾರಿಯಲ್ಲಿ ಗಣೇಶನ ಗುಡಿಗೆ ಹೋಗಿ ಕಾಯಿ ಒಡೆಸಿದಳು. ಅಪ್ಪ ಮಾತ್ರ ಆಟೋದಲ್ಲಿ, "ಇದು ಯಾರ ಮದುವೆಗೆ ಬಂದಿದ್ದು?" ಎಂದರು.

ನಾಲ್ಕನೆಯ ಡಾಕ್ಟರು ತರಕಾರಿ ಕೇಳಲಿಲ್ಲ. ಕಾಯಿಲೆಯ ಹೆಸರು ಹೇಳಿ, "ಮನೇಲಿ ಯಾರ್ಯಾರಿದೀರಿ?" ಎಂದು ಕೇಳಿದರು. ನಾನು, ಅಮ್ಮ. ಚಿಕ್ಕಪ್ಪ ಎರಡು ಬೀದಿ ಆಚೆ. ಅವರು ತಲೆ ಅಲ್ಲಾಡಿಸಿ, "ಅಮ್ಮನ್ನ ನೋಡ್ಕೊಳ್ಳಿ," ಎಂದರು. ಅಪ್ಪನ ವಿಷಯಕ್ಕೆ ಬಂದಾಗ ಅಮ್ಮನನ್ನು ಯಾಕೆ ಎತ್ತಿದರು ಎಂದು ಅವತ್ತು ನನಗೆ ಅರ್ಥವಾಗಲಿಲ್ಲ.

ಒಂದು ವರ್ಷ ಮನೆಯಲ್ಲೇ ನೋಡಿಕೊಂಡೆವು. ಬೆಳಗಿನ ಜಾವ ಎದ್ದು ಬಾಗಿಲು ಬಡಿಯುವರು, ಮಾರ್ಕೆಟ್ಟಿಗೆ ಹೊತ್ತಾಯಿತು ಎಂದು. ಚಿಲಕ ಮೇಲಕ್ಕೆ ಹಾಕಿಸಿದೆವು. ಸ್ಟೂಲು ಹತ್ತಿದರು. ಅಮ್ಮ ಅಡ್ಡ ನಿಂತಳು. ಅವಳನ್ನು ತಳ್ಳಿದ್ದು ಬೇಕಂತಲ್ಲ, ಆದರೆ ಅವಳ ಬಲಗೈ ಮುರಿಯಿತು. ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಅಮ್ಮನನ್ನು ನೋಡಿ ಅಪ್ಪ, "ಅಯ್ಯೋ, ಯಾರಮ್ಮ ಹೀಗೆ ಮಾಡಿದ್ದು?" ಎಂದು ಕಣ್ಣಲ್ಲಿ ನೀರು ತುಂಬಿಕೊಂಡರು.

ಶಂಕರಪುರದಲ್ಲಿ ಮರೆವಿನ ಕಾಯಿಲೆಯವರಿಗೆಂದೇ ಒಂದು ಆರೈಕೆ ಮನೆ ಇದೆ ಎಂದು ತಿಳಿದದ್ದು ಆಗ. ಹಳೆಯ ಮನೆ, ಮುಂದೆ ಅಗಲವಾದ ಜಗಲಿ, ಒಳಗೆ ಹದಿನಾಲ್ಕು ಜನಕ್ಕೆ ಜಾಗ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಚಿಕ್ಕಪ್ಪನಿಗೆ ಹೇಳಿದಾಗ ಅವರು ತಟ್ಟೆಯಲ್ಲೇ ಕೈ ತೊಳೆದು ಎದ್ದರು.

"ನಮ್ಮೋರಲ್ಲಿ ಯಾರನ್ನ ಹೋಮಿಗೆ ಹಾಕಿದಾರೆ ಹೇಳು ಅತ್ತಿಗೆ. ಒಬ್ಬರ ಹೆಸರು ಹೇಳು."

ಅಮ್ಮ ಎಡಗೈಯಲ್ಲಿ ಅನ್ನ ಕಲೆಸುತ್ತಾ, "ಹಾಗಾದ್ರೆ ನಿಮ್ಮನೆಗೆ ಕರ್ಕೊಂಡು ಹೋಗು," ಎಂದಳು. "ಇವತ್ತೇ ಕರ್ಕೊಂಡು ಹೋಗು, ಬಟ್ಟೆ ಕಟ್ಟಿಕೊಡ್ತೀನಿ." ಅಪ್ಪನನ್ನು ಸೇರಿಸುವ ದಿನ ಚಿಕ್ಕಪ್ಪನೇ ಆಟೋ ಹಿಡಿದು ಬಂದರು.

ಆ ಮನೆಯನ್ನು ನೋಡಿಕೊಳ್ಳುವವರು ಶೋಭಾ ಮೇಡಂ. ಒಳ್ಳೆಯವರು, ನೇರ ಮಾತಿನವರು. ಮನೆಯವರು ಬರಬೇಕಾದದ್ದು ಸಂಜೆ ನಾಲ್ಕರಿಂದ ಆರು, ಬೆಳಗ್ಗೆ ಯಾರೂ ಬರುವಂತಿಲ್ಲ ಎಂದು ಮೊದಲೇ ಹೇಳಿದ್ದರು. ಸ್ನಾನ, ಔಷಧ, ರಕ್ತಪರೀಕ್ಷೆ ಎಲ್ಲ ಆಗಲೇ ಮುಗಿಯಬೇಕಲ್ಲ. ಸಂಜೆ ನಾವು ಹೋದಾಗ ಅಪ್ಪ ಜಗಲಿಯಲ್ಲಿ ಶಾಂತವಾಗಿ ಕೂತಿರುತ್ತಿದ್ದರು. ಹತ್ತು ದಿನ ಹೀಗೇ ಹೋಯಿತು. ಹನ್ನೊಂದನೇ ದಿನ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು.

"ನಿಮ್ಮ ತಂದೆಯವರು ಬೆಳಗ್ಗೆ ಹೊಡೀತಾರಮ್ಮ. ಶುಗರ್ ನೋಡಕ್ಕೆ ಬೆರಳು ಕೊಡಲ್ಲ, ಶರಟು ಬಿಚ್ಚಕ್ಕೆ ಬಿಡಲ್ಲ. ಇವತ್ತು ನರ್ಸ್ ಕನ್ನಡಕ ಒಡೆದುಹೋಯ್ತು."

ಸಂಜೆ ಅಷ್ಟು ಸಾಧುವಾಗಿರುವ ಮನುಷ್ಯ. ಡಾಕ್ಟರು ಸಮಾಧಾನದ ಮಾತ್ರೆ ಬರೆದುಕೊಟ್ಟರು. ಮಾತ್ರೆ ಕೊಟ್ಟ ಮೇಲೆ ಅಪ್ಪ ಹೊಡೆಯಲಿಲ್ಲ. ಮಾತೂ ಆಡಲಿಲ್ಲ. ಬಾಯಿಯ ಅಂಚಿನಲ್ಲಿ ಜೊಲ್ಲು ಇಳಿಯುತ್ತಿತ್ತು, ಎಬ್ಬಿಸಿ ನಿಲ್ಲಿಸಿದರೆ ಗೋಡೆಗೆ ಒರಗುವರು. ಎರಡು ಸಲ ಬಿದ್ದರು. ಅಮ್ಮ ಅವರ ಬಾಯಿ ಒರೆಸಿ, ಮೇಡಂ ಹತ್ತಿರ ಹೋಗಿ, "ಇದು ಬೇಡ," ಎಂದಳು. "ಹೀಗಿರೋದಾದ್ರೆ ಬೇಡ."

ಮೇಡಂ ಕೋಪಿಸಿಕೊಳ್ಳಲಿಲ್ಲ. ಮಾತ್ರೆ ಕಡಿಮೆ ಮಾಡುತ್ತೇವೆ, ತಿಂಗಳ ಕೊನೆಯವರೆಗೆ ನೋಡೋಣ, ಬೆಳಗಿನ ಗಲಾಟೆ ನಿಲ್ಲದಿದ್ದರೆ ಮಾತ್ರೆಗೆ ಒಪ್ಪಬೇಕು ಇಲ್ಲ ಮನೆಗೆ ಕರೆದುಕೊಂಡು ಹೋಗಬೇಕು ಎಂದರು. ಬೇರೆ ಹದಿಮೂರು ಜನರೂ ಇದ್ದಾರಲ್ಲ. ಅವರ ಮಾತು ತಪ್ಪು ಎನ್ನಲು ನಮಗೂ ಆಗಲಿಲ್ಲ.

ಉಳಿದದ್ದು ಹತ್ತೊಂಬತ್ತು ದಿನ. ನಾನು ನಿದ್ದೆ, ಊಟ, ಮಲ, ಶುಗರ್, ಯಾವ ನರ್ಸ್ ಎಂದು ಐದು ಕಲಂ ಎಳೆದು ಬರೆದೆ. ಏನೂ ತಾಳೆಯಾಗಲಿಲ್ಲ. ಚೆನ್ನಾಗಿ ನಿದ್ದೆ ಮಾಡಿದ ದಿನವೂ ಹೊಡೆದಿದ್ದರು, ಮಾಡದ ದಿನವೂ ಹೊಡೆದಿದ್ದರು.

ಒಂದು ಬೆಳಗ್ಗೆ ನರ್ಸಿಗೆ ಅಪ್ಪನ ಕೈ ಹಿಡಿಯಲಾಗದೆ ಮೇಡಂ ನಮ್ಮನ್ನೇ ಕರೆಸಿದರು. ಹೋದಾಗ ಆರೂಮುಕ್ಕಾಲು. ಅಪ್ಪ ಜಗಲಿಯ ಅಂಚಿನಲ್ಲಿ, ಅಂಗಡಿಯಲ್ಲಿ ಕೂರುವ ಹಾಗೇ ಒಂದು ಕಾಲು ಮಡಚಿ ಕೂತಿದ್ದರು. ಬೀದಿ ನೋಡುತ್ತಿದ್ದರು. ನರ್ಸ್ ತಟ್ಟೆ ಹಿಡಿದು ಬಂದು, "ತಾತ, ಕೈ ಕೊಡಿ," ಎಂದಳು. ಅಪ್ಪ ಮುಷ್ಟಿ ಕಟ್ಟಿದರು. "ಸ್ವಲ್ಪ ಕೊಡಿ ತಾತ. ಸರಿ, ಶರಟಾದ್ರೂ ಕೊಡಿ, ಒಗೆಯಕ್ಕೆ ಹಾಕ್ತೀನಿ." ಅಪ್ಪ ಕೈ ಎತ್ತಿದರು.

ಅಮ್ಮ ಸುಸ್ತಾಗಿ ಬಾಗಿಲ ಹತ್ತಿರವೇ ಕೂತುಬಿಟ್ಟಳು. ಬೈಯುವ ದನಿಯಲ್ಲೇ ಅವಳ ಬಾಯಿಂದ ಬಂತು: "ಬೋಣಿ ಆಗದೆ ಕೊಡು ಕೊಡು ಅಂದ್ರೆ ಆ ಮನುಷ್ಯ ಕೊಡತ್ತಾ? ನಂಗೇ ಒಂದು ಎಸಳು ಕರಿಬೇವು ಕೊಟ್ಟಿಲ್ಲ."

ನಿಜ. ದಿನದ ಮೊದಲ ವ್ಯಾಪಾರ ಕುದುರಿ, ಆ ದುಡ್ಡನ್ನು ಕಣ್ಣಿಗೊತ್ತಿಕೊಳ್ಳುವವರೆಗೆ ಅಪ್ಪನ ಅಂಗಡಿಯಿಂದ ಏನೂ ಹೊರಗೆ ಹೋಗುವಂತಿರಲಿಲ್ಲ. ಸಾಲವಿಲ್ಲ, ಚಿಲ್ಲರೆಯಿಲ್ಲ, ಭಿಕ್ಷೆಯಿಲ್ಲ. ಸ್ಕೂಲಿಗೆ ಹೊತ್ತಾದರೂ ನಾನು ಪೆನ್ಸಿಲ್ ದುಡ್ಡಿಗೆ ಫುಟ್‌ಪಾತಿನಲ್ಲಿ ನಿಂತು ಯಾರಾದರೂ ಬೀನ್ಸ್ ಕೊಳ್ಳಲಿ ಎಂದು ಕಾಯುತ್ತಿದ್ದೆ. ಆದರೆ ಅಮ್ಮನ ಮಾತು ಅವತ್ತು ಯಾರಿಗೂ ಪರಿಹಾರದಂತೆ ಕೇಳಲಿಲ್ಲ, ಅವಳಿಗೂ. ಸಂಜೆ ಚಿಕ್ಕಪ್ಪ ನಕ್ಕರು: "ಅತ್ತಿಗೆ, ಅಂಗಡೀನೇ ಎಲ್ಲಿ ಅಂತ ಗೊತ್ತಿಲ್ಲದೋನಿಗೆ ಬೋಣಿ ನೆನಪಿರತ್ತಾ?"

ಬೇರೆ ದಾರಿಯೂ ಇರಲಿಲ್ಲ. ಮರುದಿನ ಮೇಡಂ ಅವರ ಒಪ್ಪಿಗೆ ಪಡೆದು, ಪ್ಲಾಸ್ಟಿಕ್ ಕ್ರೇಟಿನಲ್ಲಿ ಒಂದು ಕೆಜಿ ಬೀನ್ಸ್ ಹಾಕಿ ಅಪ್ಪನ ಮುಂದೆ ಇಟ್ಟೆ. ಅವರು ಏನೂ ಕೇಳಲಿಲ್ಲ. ಕೈ ತಾನೇ ಹೋಗಿ ಮುರಿದ ಕಾಯಿಗಳನ್ನು ಒಂದು ಬದಿಗೆ ಸರಿಸತೊಡಗಿತು. ನಾನು ಮೆಟ್ಟಿಲಿಳಿದು ಬೀದಿ ಕಡೆಯಿಂದ ಬಂದೆ.

"ಬೀನ್ಸ್ ಹೇಗೆ ಕೊಟ್ರಿ?"

"ಹನ್ನೆರಡು," ಎಂದರು. ಯಾವ ಕಾಲದ ರೇಟೋ. "ಎಳೇದು, ನಾರಿಲ್ಲ. ಎಷ್ಟು ಹಾಕ್ಲಿ?"

ಅರ್ಧ ಕೆಜಿ ಅಂದೆ. ಅವರು ಎರಡು ಕೈಯಲ್ಲಿ ತೂಗಿ ಚೀಲಕ್ಕೆ ಹಾಕಿದರು. ನಾನು ಪರ್ಸು ತೆಗೆದೆ. ಖಾಲಿ. ಯಾವ ಅಂಗಡಿಗೆ ಹೋದರೂ ಫೋನು ಹಿಡಿದು ಬರುವವಳು ನಾನು, ನೋಟು ಇಟ್ಟುಕೊಂಡು ಎಷ್ಟು ಕಾಲವಾಯಿತೋ. ಏನೂ ತೋಚದೆ ಫೋನನ್ನೇ ತೋರಿಸಿದೆ.

"ಏನಮ್ಮ, ಫೋನ್ ಮಾರಕ್ಕೆ ಬಂದ್ಯಾ?"

"ದುಡ್ಡು ಆಮೇಲೆ ತಂದುಕೊಡ್ತೀನಿ ಅಪ್ಪ..."

ಕೇಳಬಾರದ ಹೊತ್ತಿನಲ್ಲಿ ಸಾಲ ಕೇಳಿದ್ದೆ, ಅದೂ ಮೊದಲ ಗಿರಾಕಿಯಾಗಿ. ತರಕಾರಿಯವನ ಮಗಳಾಗಿ ನನಗೆ ಗೊತ್ತಿರಬೇಕಿತ್ತು. ಅಪ್ಪ ಚೀಲ ಕಿತ್ತುಕೊಂಡರು. "ಬೆಳಗ್ಗೆ ಬೆಳಗ್ಗೆ ಬೋಣಿ ಕೆಡಿಸಕ್ಕೆ ಬಂದ್ಯಾ, ದರಿದ್ರದೋಳೆ!" ಕ್ರೇಟು ಎಸೆದರು. ಬೀನ್ಸ್ ಇಡೀ ಜಗಲಿಗೆ ಚೆಲ್ಲಿತು. ಅವತ್ತಿನಷ್ಟು ಗಲಾಟೆ ಅದಕ್ಕೆ ಮುಂಚೆ ಯಾವತ್ತೂ ಆಗಿರಲಿಲ್ಲ. ಸ್ನಾನವಿಲ್ಲ, ಔಷಧವಿಲ್ಲ, ಮಧ್ಯಾಹ್ನದವರೆಗೆ ಊಟವಿಲ್ಲ.

ಸೋತೆವು ಅಂದುಕೊಂಡಿದ್ದೆ ನಾನು. ವಿಷಯ ಕೇಳಿ ಎದ್ದು ಕೂತವರು ಚಿಕ್ಕಪ್ಪ.

"ಅಂದ್ರೆ ಅವನಿಗೆ ಬೋಣಿ ಕೆಟ್ಟಿದ್ದು ಗೊತ್ತಾಯ್ತು. ನೀನು ಬಿಡು ಕಣೆ, ನೀನು ಆಫೀಸಿನೋಳು. ನಾಳೆ ನಾನು ಹೋಗ್ತೀನಿ."

ಅವರು ಹೊಸ ಇಪ್ಪತ್ತರ ನೋಟು ಹಿಡಿದು ಹೋದರು. ಒಂದು ಮಾತು ಚೌಕಾಸಿ ಮಾಡಿದರು, ಮಾಡದಿದ್ದರೆ ಅಣ್ಣನಿಗೆ ಅನುಮಾನ ಬರುತ್ತದೆ ಎಂದು. ಅಪ್ಪ ನೋಟು ತೆಗೆದುಕೊಂಡು ಎರಡು ಕಣ್ಣಿಗೂ ಒತ್ತಿಕೊಂಡು, ಜೇಬಿಗಿಟ್ಟು, ಬೀನ್ಸ್ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕಿದರು. ನರ್ಸ್ ತಟ್ಟೆ ತಂದಳು. ಅಪ್ಪ ಬೀದಿ ನೋಡುತ್ತಲೇ ಕೈ ಚಾಚಿದರು. ಅವಳು ಸೂಜಿ ಚುಚ್ಚಿದ್ದು ಗೊತ್ತೇ ಆಗದವರ ಹಾಗೆ, "ಕೊತ್ತಂಬರಿ ಬೇಕೇನಮ್ಮ?" ಎಂದರು.

ಅಮ್ಮ ಬಾಗಿಲ ಹಿಂದೆ ನಿಂತು ಪ್ಲಾಸ್ಟರ್ ಕೈಯನ್ನು ಎದೆಗೆ ಒತ್ತಿ ಹಿಡಿದಿದ್ದಳು.

ಮೂರನೆಯ ದಿನ ಚಿಕ್ಕಪ್ಪ ಅದೇ ಬೀನ್ಸ್ ತಂದರು. ಆಟಕ್ಕೆ ತಾನೇ, ದಿನಾ ಹೊಸ ಮಾಲು ಯಾಕೆ ಹಾಳುಮಾಡುವುದು ಎಂಬ ವ್ಯಾಪಾರದ ಬುದ್ಧಿ. ಅಪ್ಪ ಒಂದು ಕಾಯಿ ಎತ್ತಿ ಬಗ್ಗಿಸಿದರು. ಅದು ಪಟ್ಟೆನ್ನಲಿಲ್ಲ.

"ನಿನ್ನೆ ಮಾಲು. ಯಾವನಯ್ಯ ನೀನು, ನನ್ನ ಅಂಗಡಿಗೇ ನಿನ್ನೆ ಮಾಲು ಹಾಕ್ತೀಯಾ?"

ಚಿಕ್ಕಪ್ಪ ಓಡಿಹೋಗಿ ತಾಜಾ ತಂದರು. ಹೊರಗೆ ಬಂದು ಬಹಳ ಹೊತ್ತು ನಕ್ಕರು. "ತಮ್ಮ ಯಾರು ಅಂತ ಗೊತ್ತಿಲ್ಲ, ಬೀನ್ಸ್ ಯಾವತ್ತಿಂದು ಅಂತ ಗೊತ್ತು!" ಎಂದು ಹೇಳುತ್ತಾ ಹೇಳುತ್ತಾ ಟವೆಲಿನಿಂದ ಮುಖ ಒರೆಸಿಕೊಂಡರು.

ತಿಂಗಳ ಕೊನೆಗೆ ಮೇಡಂ ಮಾತ್ರೆಯ ಮಾತೆತ್ತಲಿಲ್ಲ. ಅಪ್ಪ ಅಲ್ಲೇ ಉಳಿದರು. ನಾವು ಸರದಿ ಮಾಡಿಕೊಂಡೆವು: ಸೋಮ, ಬುಧ, ಶುಕ್ರ ಅಮ್ಮ, ಮಂಗಳ, ಗುರು ಚಿಕ್ಕಪ್ಪ, ಶನಿವಾರ, ಭಾನುವಾರ ನಾನು.

ಇದನ್ನು ಓದಿ ಯಾರಿಗಾದರೂ ಕಷ್ಟ ಮುಗಿಯಿತು ಅನ್ನಿಸಿದರೆ, ಮುಗಿಯಲಿಲ್ಲ. ದಿನಾ ಬೆಳಗ್ಗೆ ಆರೂವರೆಗೆ ಒಬ್ಬರು ಅಲ್ಲಿರಬೇಕು. ಅಪ್ಪನ ಅಂಗಡಿಯನ್ನು ಈಗ ಒಬ್ಬರೇ ನಡೆಸುತ್ತಿರುವ ಚಿಕ್ಕಪ್ಪ ಅಣ್ಣನ ಬೋಣಿಗೆ ಬಂದ ದಿನ ಅಂಗಡಿಯ ನಿಜವಾದ ಬೋಣಿ ತಪ್ಪುತ್ತದೆ. ಆ ಹೊತ್ತಿಗೆ ಬರುತ್ತಿದ್ದ ಖಾಯಂ ಗಿರಾಕಿಗಳು ಪಕ್ಕದ ಅಂಗಡಿಗೆ ಅಭ್ಯಾಸವಾದರು. ಚಿಕ್ಕಮ್ಮ ಒಂದು ದಿನ, "ಸತ್ಯ ಹೇಳ್ಬೇಕಂದ್ರೆ ನಮಗೆ ಕಷ್ಟ ಆಗ್ತಿದೆ ಅಕ್ಕ," ಎಂದು ಅಮ್ಮನ ಹತ್ತಿರ ಹೇಳಿದಳು. ಅಮ್ಮ ಗುರುವಾರವನ್ನೂ ತಾನೇ ತೆಗೆದುಕೊಂಡಳು. ನನಗೆ ಜ್ವರ ಬಂದ ಶನಿವಾರವೂ ಅಮ್ಮನೇ ಹೋದಳು. ಮನೆಯಲ್ಲಿ ನಾವಿಬ್ಬರೂ ಬೀನ್ಸ್ ಪಲ್ಯ, ಬೀನ್ಸ್ ಹುಳಿ, ಬೀನ್ಸ್ ಬಾತ್ ತಿಂದು ತಿಂದು ಮಾತಾಡುವುದನ್ನೇ ಬಿಟ್ಟೆವು.

ಒಂದಿಷ್ಟು ಒಳ್ಳೆಯದೂ ಆಯಿತು, ಅದನ್ನೂ ಬರೆಯಬೇಕು. ಮೂರ್ತಿ ಅಂಕಲ್ ಎನ್ನುವವರ ಹೆಂಡತಿ ಅದೇ ಮನೆಯಲ್ಲಿದ್ದಾರೆ. ಇವರಿಗೆ ಮಾತ್ರ ಬೆಳಗ್ಗೆ ಯಾಕೆ ಬಿಡುತ್ತೀರಿ ಎಂದು ಮೊದಲು ಜಗಳ ತೆಗೆದವರೇ ಅವರು. ಮೇಡಂ ಎಲ್ಲ ಮನೆಯವರನ್ನೂ ಕೂರಿಸಿ ಮಾತಾಡಿದರು, ಬೆಳಗ್ಗೆಯೂ ಮನೆಗೊಬ್ಬರು ಬರಬಹುದು ಎಂದಾಯಿತು. ಆಮೇಲೆ ಮೂರ್ತಿ ಅಂಕಲ್ ದಿನಾ ಅಪ್ಪನ ಎರಡನೇ ಗಿರಾಕಿ.

"ಏನ್ರೀ ಸಾಹುಕಾರ್ರೆ, ನಿಮ್ಮ ಬೀನ್ಸ್ ನೋಡಿದ್ರೆ ನಮ್ಮ ಮಾವನ ಮೀಸೆ ಇದ್ದ ಹಾಗಿದೆ."

"ಬೇಡ ಅಂದ್ರೆ ಬಿಡಿ ಸ್ವಾಮಿ, ಮೀಸೆ ಇಲ್ದೋರು ತಗೊಂಡು ಹೋಗ್ತಾರೆ."

ಬೀನ್ಸ್ ಜೊತೆ ನಾವಿಡುತ್ತಿದ್ದ ಕೊತ್ತಂಬರಿಯಲ್ಲಿ ಅಪ್ಪ ಕೊಸರಿಗೆಂದು ಕೊಟ್ಟ ಕಡ್ಡಿಯನ್ನು ಅಂಕಲ್ ತಮ್ಮ ಹೆಂಡತಿಯ ಕೈಗೆ ಕೊಡುತ್ತಿದ್ದರು. ಆಕೆ ಮಧ್ಯಾಹ್ನದವರೆಗೂ ಅದನ್ನು ಮೂಸುತ್ತಾ ಕೂತಿರುತ್ತಿದ್ದರು.

ಹೀಗೆ ಹತ್ತು ತಿಂಗಳು ನಡೆಯಿತು. ನಾನು ಈಗ ಇದನ್ನು ಬರೆಯಲು ಕೂತದ್ದು ಕಳೆದ ಐದು ವಾರಗಳಿಂದಾಗಿ.

ಮೊದಲು ರೇಟು ಹೇಳುವುದು ನಿಂತಿತು. ಹೇಗೆ ಕೊಟ್ರಿ ಎಂದು ಕೇಳಿದರೆ ಸುಮ್ಮನೆ ನೋಡುವರು. ನಾವೇ ಹನ್ನೆರಡಾ ಎಂದು ಕೇಳಿ, ನಾವೇ ಸರಿ ಎನ್ನುತ್ತಿದ್ದೆವು. ಆಮೇಲೆ ಆರಿಸುವುದು ನಿಂತಿತು, ಕ್ರೇಟು ಮುಂದಿದ್ದರೂ ಕೈ ತೊಡೆಯ ಮೇಲೇ ಇರುತ್ತದೆ. ನರ್ಸ್ ಬಂದರೆ ವ್ಯಾಪಾರಕ್ಕೆ ಮುಂಚೆಯೇ ಬೆರಳು ಕೊಡುತ್ತಾರೆ. ಶರಟು ಕೊಡುತ್ತಾರೆ. ಯಾರು ಏನು ಕೇಳಿದರೂ ಕೊಡುತ್ತಾರೆ. ಕಳೆದ ಭಾನುವಾರ ನಾನು ನೋಟು ಕೊಟ್ಟಾಗ ತೆಗೆದುಕೊಂಡರು, ಬೀನ್ಸ್ ಜೊತೆಗೆ ಅದನ್ನೂ ನನ್ನ ಚೀಲಕ್ಕೇ ಹಾಕಿದರು. ಕಣ್ಣಿಗೆ ಒತ್ತಿಕೊಳ್ಳಲಿಲ್ಲ.

"ಈಗ ತುಂಬಾ ಸಹಕಾರ ಕೊಡ್ತಾರಮ್ಮ," ಎಂದು ಮೇಡಂ ಹೇಳಿದರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ. "ನೀವು ದಿನಾ ಬೆಳಗ್ಗೆ ಬರಲೇಬೇಕು ಅಂತೇನಿಲ್ಲ ಇನ್ನು. ನಿಮ್ಮ ತಾಯಿಯವರಿಗೂ ಸ್ವಲ್ಪ ವಿಶ್ರಾಂತಿ."

ಮನೆಯಲ್ಲಿ ಮೂವರೂ ಕೂತೆವು. ಅಮ್ಮನ ಮೊಣಕಾಲು ಊದಿಕೊಂಡಿತ್ತು. ಚಿಕ್ಕಪ್ಪ ಮೆಲ್ಲಗೆ ಹೇಳಿದರು: "ಅತ್ತಿಗೆ, ಅವನಿಗೋಸ್ಕರ ಹೋಗ್ತಿದ್ವಿ. ಅವನಿಗೇ ಬೇಡ ಅಂದ್ಮೇಲೆ ಯಾರಿಗೋಸ್ಕರ?"

"ಬೇಡ ಅಂತ ಅವರು ಹೇಳಿದ್ರಾ?"

"ಬೇಕು ಅಂತಾನೂ ಹೇಳ್ತಿಲ್ವಲ್ಲ."

"ಮೂವತ್ತು ವರ್ಷದಲ್ಲಿ ಏನು ಬೇಕು ಅಂತ ಯಾವತ್ತು ಬಾಯಿಬಿಟ್ಟು ಹೇಳಿದಾರೆ ನಿಮ್ಮಣ್ಣ," ಎಂದಳು ಅಮ್ಮ. "ನಾಳೆ ನನ್ನ ಸರದಿ. ಬೀನ್ಸ್ ಎತ್ತಿಡು."

ಚಿಕ್ಕಪ್ಪ ಎತ್ತಿಟ್ಟರು. ಆದರೆ ಹೊರಡುವಾಗ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, "ಅವಳು ಬಿದ್ದುಹೋಗ್ತಾಳೆ ಕಣಮ್ಮ. ನೀನು ಹೇಳು, ನೀನು ಹೇಳಿದ್ರೆ ಕೇಳ್ತಾಳೆ," ಎಂದರು. ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ಮೇಡಂಗೂ ತಿಳಿದಿಲ್ಲ, ಕೇಳಿದೆ. ಡಾಕ್ಟರನ್ನೂ ಕೇಳಿದೆ. ಅದು ನಿಮ್ಮ ಮನೆಯವರೇ ತೀರ್ಮಾನಿಸಬೇಕಾದದ್ದು ಎಂದರು.

ಅದಕ್ಕೇ ಇದನ್ನು ಓದುವವರನ್ನು ಕೇಳುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಒಬ್ಬರಿದ್ದು, ಅವರಿಗಾಗಿ ನೀವೂ ದಿನಾ ಏನಾದರೊಂದು ನಡೆಸಿಕೊಂಡು ಬಂದು, ಅದು ಅವರಿಗೆ ಬೇಕೋ ಬೇಡವೋ ತಿಳಿಯದ ದಿನ ಬಂದಿದ್ದರೆ, ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಕಾಯಿಲೆಯ ವಿವರ ಬೇಡ, ಅದು ನಮಗೂ ಸಾಕಷ್ಟು ಗೊತ್ತಾಗಿದೆ. ಎರಡೇ ವಿಷಯ ತಿಳಿಸಿದರೆ ಸಾಕು. ನೀವು ಯಾವಾಗ ನಿಲ್ಲಿಸಿದಿರಿ? ನಿಲ್ಲಿಸಿದ ಮೇಲೆ, ಅವರಿಗಾಗಿ ಎದ್ದು ಅಭ್ಯಾಸವಾಗಿದ್ದ ಆ ಹೊತ್ತಿಗೆ ಎಚ್ಚರವಾದಾಗ, ನಿಮ್ಮ ಮನೆಯ ಉಳಿದವರು ಏನು ಮಾಡಿದರು?